ಅಂಗನವಾಡಿಯ ಅಂಗಳದಲ್ಲಿ ಕೆರೆ–ದಡ



ಅಂಗನವಾಡಿಯ ವಿಷಯ ಸಭೆಗೆ ಬಂದಾಗ ಕಟ್ಟಡ, ಶೌಚಾಲಯ, ಕುಡಿಯುವ ನೀರು ಚರ್ಚೆಗೊಳಗಾಗುತ್ತವೆ. ಅಂಗಳದ ಮಾತು ಬರುವುದು ವಿರಳ. ಮೂರು–ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈಚಲನೆಯಲ್ಲಿರಬೇಕು, ಅದರಲ್ಲಿ 60 ನಿಮಿಷವಾದರೂ ಓಟ, ಜಿಗಿತದಂತಹ ಚುರುಕಿನ ಆಟವಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಹಾಸನ–ಬೇಲೂರು ಹೆದ್ದಾರಿಯ ಮೇಲಿರುವ ಹಗರೆಯಲ್ಲಿ ಚಿಕ್ಕ ಮಕ್ಕಳನ್ನು ರಸ್ತೆಬದಿಗೆ ಆಡಲು ಬಿಡುವಂತಿಲ್ಲ. ಆ ಅವಕಾಶ ಅಂಗನವಾಡಿಯ ಅಂಗಳದಲ್ಲಿಯೇ ದೊರೆಯಬೇಕು.

ಇದಕ್ಕೆ ದುಬಾರಿ ಜಾರುಬಂಡೆ ಬೇಕಿಲ್ಲ. ಕೆರೆ–ದಡಕ್ಕೆ ಬೇಕಾದುದು ಸುಣ್ಣದ ಒಂದು ಗೆರೆ. ‘ಕೆರೆ’ ಎಂದಾಗ ಒಳಕ್ಕೆ, ‘ದಡ’ ಎಂದಾಗ ಹೊರಕ್ಕೆ ಜಿಗಿಯುವ ಮಗು, ಕೂಗಿದ್ದನ್ನೇ ಮತ್ತೆ ಕೂಗಿದಾಗ ಕಾಲು ತಡೆದು ನಿಲ್ಲಲೇಬೇಕು. ಕಿವಿಗೊಟ್ಟು ಕೇಳುವುದು, ದುಡುಕದಿರುವುದು: ಒಂದನೆಯ ತರಗತಿಗೆ ಬೇಕಾದುವೂ ಇವೇ. ಕುಂಟೆಬಿಲ್ಲೆಯಲ್ಲಿ ಒಂಟಿಕಾಲಿನಲ್ಲಿ ಬಾಗಿ ಬಿಲ್ಲೆ ಎತ್ತುವುದು ಐದಾರು ವರ್ಷದವರ ಆಟ. ಮೂರರ ಮಗು ಎರಡೂ ಕಾಲಿನಿಂದ ಮನೆ ದಾಟಿದರೆ ಸಾಕು. ಚಿನ್ನಿದಾಂಡು ಮಾತ್ರ ಈ ವಯಸ್ಸಿಗೆ ಸಲ್ಲದು. ಹಾರುವ ಚಿನ್ನಿ ಕಣ್ಣಿಗೆ ಅಪಾಯ.

ಗೆರೆ ಎಳೆಯಲು ಜಾಗ ಬೇಕಷ್ಟೆ. ಕಾಮಗಾರಿಯಲ್ಲಿ ಉಳಿದ ಜಲ್ಲಿ, ಹಳೆಯ ಪೈಪು ಅಂಗನವಾಡಿಯ ಮುಂದೆಯೇ ಬೀಳುವುದು ಎಷ್ಟೋ ಊರುಗಳ ರೂಢಿ. ಅವನ್ನು ತೆರವುಗೊಳಿಸಿ, ನೆಲ ಸಮತಟ್ಟು ಮಾಡಿಸಿ, ಮಣ್ಣನ್ನು ಮಣ್ಣಾಗಿಯೇ ಉಳಿಸಬೇಕು. ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿಸುವುದು ಅಭಿವೃದ್ಧಿಯಂತೆ ಕಂಡರೂ, ಬೀಳುವ ಮಗುವಿನ ಮೊಣಕಾಲಿಗೆ ಅದು ಹಿತವಲ್ಲ. ವಾರ್ಷಿಕ ಕ್ರಿಯಾಯೋಜನೆಗೆ ಈ ಕೆಲಸವನ್ನು ಸೇರಿಸುವಂತೆ ಸದಸ್ಯರು ತಮ್ಮ ವಾರ್ಡ್ ಸಭೆಯಲ್ಲಿಯೇ ಪ್ರಸ್ತಾಪಿಸಬಹುದು. ಆಟ ಬಲ್ಲ ಅಜ್ಜಿಯರನ್ನು ವಾರಕ್ಕೊಮ್ಮೆ ಕರೆಸುವ ವಿಷಯವನ್ನು ಬಾಲವಿಕಾಸ ಸಮಿತಿಯ ಮುಂದಿಡಬಹುದು.