ಬಳಸುದಾರಿಯ ಬಾಳು
(ಕೊಪ್ಪಳದ ತರುಣರ ಸಭೆಯಲ್ಲಿ ಮಾಡಿದ ಭಾಷಣ)



ಒಂದೇ ಉದ್ಯೋಗವನ್ನು ಹಿಡಿದು ನೆಟ್ಟಗೆ ನಡೆಯದವನು ಕೆಟ್ಟನೆಂದು ಹಿರಿಯರು ಹೇಳುವುದುಂಟು. ವಕೀಲಿಯನ್ನು ಹಲವು ಸಲ ಬದಿಗಿಟ್ಟು ಸಾರ್ವಜನಿಕ ಕಾರ್ಯಕ್ಕಿಳಿದ ನಮಗೂ ಈ ಮಾತು ತಪ್ಪಿಲ್ಲ. ಗಂಟು ಬೆಳೆಯಲಿಲ್ಲವೆಂಬುದು ದಿಟ. ಅದಕ್ಕಾಗಿ ನಾವು ಮರುಗಿದವರಲ್ಲ.

ಈ ಸೀಮೆಯ ಅಳವಂಡಿ ಶಿವಮೂರ್ತಿಸ್ವಾಮಿಗಳ ಬಾಳನ್ನು ನೋಡಿರಿ. 1947ರ ಆಗಸ್ಟ್ 15ರಂದು ದೇಶವು ಸ್ವತಂತ್ರವಾದರೂ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳು ಹೈದರಾಬಾದು ಸಂಸ್ಥಾನದಲ್ಲಿಯೇ ಉಳಿದವು. ಆಗ ಅವರು ಗಡಿಯಾಚೆಯ ಮುಂಡರಗಿಯಲ್ಲಿ ಶಿಬಿರ ಹೂಡಿದರು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ವಿಲೀನವಾಯಿತು. 1952ರಲ್ಲಿ ಅವರು ಕುಷ್ಟಗಿಯಿಂದ ಪಕ್ಷೇತರರಾಗಿ ಲೋಕಸಭೆಗೆ ಹೋದರು. ಮುಂದಿನ ಲೋಕಸಭೆಯಲ್ಲಿ ಅವರಿರಲಿಲ್ಲ. 1962ರಲ್ಲಿ ಕೊಪ್ಪಳದಿಂದ ಮರಳಿ ಆಯ್ಕೆಯಾದರು. ಶಿಬಿರ, ಲೋಕಸಭೆ, ಹೊರಗುಳಿದ ವರ್ಷಗಳು, ಇವನ್ನು ಸಂಬಳದ ಲೆಕ್ಕದಿಂದ ಅಳೆದರೆ ಕೂಡಿಬಾರವು. ನಾಡಿನ ಲೆಕ್ಕದಿಂದ ಅಳೆದರೆ ಒಂದೇ ಬಾಳು.

ಮುನಿರಾಬಾದಿನ ಅಣೆಕಟ್ಟಿನಿಂದ ಹೊರಡುವ ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ನೀವು ಬಲ್ಲಿರಿ. ಅದು ನೆಟ್ಟಗೆ ಹರಿಯದು. ನೆಲದ ಮಟ್ಟವನ್ನು ಕಾಯ್ದುಕೊಂಡು, ಗುಡ್ಡಗಳನ್ನು ಬಳಸಿ ಸಾಗುವುದು. ಕಂಡ ತಗ್ಗಿಗೆ ಧುಮುಕಿದ್ದರೆ ಅದರ ನೀರು ಮತ್ತೆ ಹೊಳೆಯನ್ನೇ ಸೇರುತ್ತಿತ್ತು; ಗಂಗಾವತಿಯ ಎಷ್ಟೋ ಗದ್ದೆಗಳು ಒಣಗಿಯೇ ಇರುತ್ತಿದ್ದವು.

ತರುಣರೇ, ದಾರಿ ಬಳಸಿತೆಂದು ಅಂಜಬೇಡಿರಿ. ಮಟ್ಟ ಇಳಿಯದಂತೆ ನೋಡಿಕೊಳ್ಳಿರಿ. ಗಳಿಸಿದ್ದೇನೆಂದು ಕೇಳುವವರಿಗೆ, ನೀರು ಯಾರ ಹೊಲಕ್ಕೆ ಮುಟ್ಟಿತೆಂಬುದನ್ನು ತೋರಿಸಿರಿ.