ಕೊಳೆರೋಗ ಕಲಿಸುವ ಪಾಠ

(ತೋಟಿಗರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಕಷ್ಟ ಎದುರಾದಾಗ ‘ನಮಗೇ ಏಕೆ ಹೀಗಾಯಿತು?’ ಎಂಬ ಅಳಲು ಮೊದಲು ಏಳುತ್ತದೆ. ಅದು ಸಹಜ. ಆದರೆ ‘ಇದು ಹೇಗಾಯಿತು?’ ಎಂದು ಕೇಳಲಾರಂಭಿಸಿದಾಗಲೇ ದಾರಿ ತೋರುವುದು. ಇದಕ್ಕೆ ಸಾಕ್ಷಿ ನಮ್ಮ ಅಡಿಕೆ ತೋಟದಲ್ಲಿಯೇ ಇದೆ.

ಕೊಳೆರೋಗ ಬಂದಾಗ ನಮ್ಮ ಹಿರಿಯರು ಕೈಕಟ್ಟಿ ಕುಳಿತಿರಲಿಲ್ಲ. ಬಿಡದೆ ಸುರಿವ ಮಳೆಯಲ್ಲಿಯೇ ಕಾಯಿ ಕೊಳೆತು ಉದುರುವುದನ್ನು ಗಮನಿಸಿ, ಕೊನೆಗಳಿಗೆ ಕೊಟ್ಟೆ ಕಟ್ಟಿ ನೀರು ತಾಗದಂತೆ ಕಾಯ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಈ ರೋಗವನ್ನು ಅಭ್ಯಸಿಸಿ, ಅದರ ಮೂಲವಾದ ಸೂಕ್ಷ್ಮಜೀವಿಯನ್ನು 1910ರ ವರದಿಯಲ್ಲಿ ವಿವರಿಸಿದರು. ಅದರ ಬೀಜಕಣಗಳು ನೀರಿನಲ್ಲಿ ಈಜುತ್ತವೆ; ಮಳೆಹನಿಯೊಡನೆ ಸಿಡಿದು ಹರಡುತ್ತವೆ. ಕೊಟ್ಟೆ ಏಕೆ ಫಲ ನೀಡುತ್ತಿತ್ತೆಂಬುದು ಇದರಿಂದ ತಿಳಿಯುತ್ತದೆ. ರೋಗದ ಕನ್ನಡ ಹೆಸರೇ ಸಸ್ಯರೋಗಶಾಸ್ತ್ರದ ಗ್ರಂಥಗಳನ್ನೂ ಸೇರಿತು.

ಇದಕ್ಕೆ ಮದ್ದಾದ ಬೋರ್ಡೋ ದ್ರಾವಣವೂ ಕುತೂಹಲದ ಫಲವೇ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀರನ್ನು ಸಿಂಪಡಿಸುತ್ತಿದ್ದರು. ಆ ಬಳ್ಳಿಗಳು ಬೂಜುರೋಗದಿಂದ ಪಾರಾಗಿದ್ದುದನ್ನು ಸಸ್ಯವಿಜ್ಞಾನಿ ಮಿಲಾರ್ಡೆ 1882ರಲ್ಲಿ ಕಂಡರು. ಹಾಗೆಯೇ ಮುಂದೆ ಸಾಗದೆ, ಇದೇಕೆಂದು ಪರೀಕ್ಷಿಸಿ, 1885ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇಂದು ನಾವು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸುವುದರ ಹಿಂದೆ ಈ ಪ್ರಶ್ನೆಯಿದೆ.

ತೆರೆದ ಮನಸ್ಸೆಂದರೆ ಮದ್ದನ್ನೂ ಪ್ರಶ್ನಿಸುವ ಮನಸ್ಸು. ಮೈಲುತುತ್ತದಲ್ಲಿರುವ ತಾಮ್ರ ಸೊಪ್ಪಿನಂತೆ ಕೊಳೆತು ಮಣ್ಣಾಗುವುದಿಲ್ಲ. ವರ್ಷವರ್ಷವೂ ಮಣ್ಣಿನಲ್ಲಿ ಸೇರುತ್ತ ಹೋಗುತ್ತದೆ. ಎಷ್ಟು ಬೇಕು, ಯಾವಾಗ ಬೇಕು ಎಂದು ಕೇಳುವುದು ತೋಟಿಗನ ಕರ್ತವ್ಯ.

ಈಗ ಎಲೆಚುಕ್ಕಿ ರೋಗ ಮಲೆನಾಡಿನ ತೋಟಗಳನ್ನು ಕಂಗೆಡಿಸಿದೆ. ತೋಟವನ್ನೇ ಮಾರಿಬಿಡೋಣವೆಂಬ ನಿರಾಶೆ ಒಂದೆಡೆ. ಯಾರು ಏನು ಹೇಳಿದರೂ ತಂದು ಸಿಂಪಡಿಸುವ ಆತುರ ಇನ್ನೊಂದೆಡೆ. ಎರಡರಲ್ಲಿಯೂ ನೋಡುವ ತಾಳ್ಮೆಯಿಲ್ಲ.

ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ತಲಾ ಒಂದು ತೋಟವನ್ನು ಆರಿಸಿಕೊಳ್ಳಿ. ಚುಕ್ಕಿ ಮೊದಲು ಯಾವ ಎಲೆಯಲ್ಲಿ ಕಂಡಿತು, ಆ ವಾರ ಮಳೆ ಎಷ್ಟು, ನೆರಳು ಹೇಗಿದೆ, ಏನು ಸಿಂಪಡಿಸಿದರು ಎಂಬುದನ್ನು ವಾರಕ್ಕೊಮ್ಮೆ ಬರೆದಿಡಿ. ಹಿರಿಯರ ಅನುಭವವನ್ನು ಕೇಳಿ ಅದರೊಡನೆ ಸೇರಿಸಿ. ಊರೂರಿನ ಪುಸ್ತಕಗಳನ್ನು ಒಟ್ಟಿಗೆ ಇಟ್ಟು ನೋಡಿ, ವಿಜ್ಞಾನಿಗಳ ಮುಂದಿಡೋಣ. ಇದರಿಂದ ರೋಗ ನಾಳೆಯೇ ತೊಲಗದು. ಆದರೆ ಮುಂದಿನ ಮಳೆಗಾಲಕ್ಕೆ ನಾವು ಬರಿಗೈಯಲ್ಲಿ ಕಾದು ನಿಲ್ಲಬೇಕಾಗಿಲ್ಲ.