ಚಿಕ್ಕಲ್ಲೂರಿನ ಪಂಕ್ತಿ

ಕ್ರೈಸ್ತ ದೇವರನ್ನು ಬಿಟ್ಟವರಿಗೆ ಕ್ರೈಸ್ತ ನೀತಿಯನ್ನು ಇಟ್ಟುಕೊಳ್ಳುವ ಹಕ್ಕಿಲ್ಲ ಎಂದು ನೀತ್ಷೆ 1889ರ ಪುಸ್ತಕವೊಂದರಲ್ಲಿ ಬರೆದ. ಇಂದಿನ ಮಾನವತಾವಾದದ ಬೇರು ಕ್ರೈಸ್ತಧರ್ಮದಲ್ಲಿದೆ ಎಂದು ಇತಿಹಾಸಕಾರ ಟಾಮ್ ಹಾಲೆಂಡ್ 2019ರಲ್ಲಿ ವಾದಿಸಿದರು. ಯುರೋಪಿನ ಮಟ್ಟಿಗೆ ಇರಬಹುದು.

ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ ಬೇರೆಯದೇ ಕತೆ. ಜನಪದ ಸಂತ ಸಿದ್ಧಪ್ಪಾಜಿಯ ಐದು ದಿನದ ಜಾತ್ರೆಯ ಪಂಕ್ತಿಸೇವೆಯಲ್ಲಿ ಜಾತಿ ಕೇಳದೆ ಒಟ್ಟಿಗೆ ಕೂತು ಉಣ್ಣುತ್ತಾರೆ. ಈ ಪರಂಪರೆಯ ಗಾಯಕರಾದ ನೀಲಗಾರರು ಹಾಡುವ ಕಾವ್ಯದಲ್ಲಂತೂ ಸಿದ್ಧಪ್ಪಾಜಿಯ ಗುರು ಮಂಟೇಸ್ವಾಮಿ ನಾರುವ ಮೈಯಲ್ಲಿ ಕಲ್ಯಾಣಕ್ಕೆ ಬಂದು ಶರಣರ ಸಮಾನತೆಯನ್ನೇ ಪರೀಕ್ಷಿಸುತ್ತಾನೆ. ಈ ಪಂಕ್ತಿಗೆ ಬೈಬಲಿನ ಋಣವಿಲ್ಲ.

ಹಾಗೆಂದು ಬೀಗುವಂತಿಲ್ಲ. ಇದರ ಹಿಂದಿರುವುದೂ ಗುರುಭಕ್ತಿಯೇ, ಬರಿಯ ತರ್ಕವಲ್ಲ. ಸಿದ್ಧಪ್ಪಾಜಿಯನ್ನು ನಂಬದ ಹುಡುಗ ಆ ಪಂಕ್ತಿಯಲ್ಲಿ ಕೂರುತ್ತಾನೆಯೇ? ಕೂರುತ್ತಾನೆಂದೇ ನನ್ನ ಎಣಿಕೆ. ನಂಬಿದವರು ಊರಿಗೆ ಮರಳಿ ಬೇರೆ ಬೇರೆ ಕೂರುವುದೂ ಉಂಟಲ್ಲ! ಹಾಗಾಗಿ, ನಂಬಿಕೆಯಿದ್ದರೆ ನೀತಿ ತಾನಾಗಿ ಉಳಿಯುತ್ತದೆಂಬ ವಾದವನ್ನೂ ನಾನು ಒಪ್ಪಲಾರೆ.